‘ಸೆಟ್’ ಎಂಬ ಪದದ ಹರಹು

ಬೆಂಗಳೂರಿನ ದರ್ಶಿನಿಗಳಲ್ಲಿ ‘ಒಂದು ಸೆಟ್’ ಎಂದಷ್ಟೇ ಹೇಳಿದರೂ ಸಾಕು, ಸಾಗು ಮತ್ತು ಚಟ್ನಿಯ ಜೊತೆಗೆ ಮೆತ್ತನೆಯ ದೋಸೆಗಳು ಒಂದರ ಮೇಲೊಂದು ಕುಳಿತು ಬರುತ್ತವೆ. ಅವೆನ್ಯೂ ರಸ್ತೆಯ ಪುಸ್ತಕದಂಗಡಿಯಲ್ಲಿ ಅದೇ ಪದಕ್ಕೆ ಪಿಯುಸಿಯ ಪಠ್ಯಪುಸ್ತಕಗಳ ಪೂರ್ತಿ ಕಟ್ಟು ಎಂದರ್ಥ. ಗಾಂಧಿನಗರದ ಸಿನಿಮಾ ಮಂದಿಗೆ ಚಿತ್ರೀಕರಣಕ್ಕೆಂದು ನಿಲ್ಲಿಸಿದ ಬೀದಿ, ದಂತವೈದ್ಯರ ಬಳಿ ಕಟ್ಟಿಸಿಕೊಂಡ ಹಲ್ಲುಗಳ ಸಾಲು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 20 ಸಂಪುಟಗಳ ಎರಡನೆಯ ಆವೃತ್ತಿ 1989ರಲ್ಲಿ ಪ್ರಕಟವಾದಾಗ ಅದರಲ್ಲಿ ಅತ್ಯಂತ ದೀರ್ಘವಾದ ವಿವರಣೆ ಪಡೆದದ್ದೂ ಇದೇ ಪದ. ಮುಂದಿನ ಪರಿಷ್ಕರಣೆಯಲ್ಲಿ ಆ ಸ್ಥಾನ ‘ರನ್’ ಎಂಬುದಕ್ಕೆ ಹೋಯಿತು.

ಇಷ್ಟು ಅರ್ಥಗಳು ಒಂದೇ ಪದದಲ್ಲಿ ಸೇರಿಕೊಂಡಿರುವುದಕ್ಕೆ ಒಂದು ಕಾರಣ, ಅದರ ಹಿಂದೆ ಎರಡು ಮೂಲಗಳಿರುವುದು. ಕ್ರಿಯಾಪದವು ಹಳೆಯ ಇಂಗ್ಲಿಷಿನ ‘ಸೆಟ್ಟನ್’ ಎಂಬುದರಿಂದ ಬಂದದ್ದು. ಕುಳಿತುಕೊಳ್ಳುವುದನ್ನು ಹೇಳುವ ‘ಸಿಟ್ಟನ್’ಗೆ ಅದು ಪ್ರೇರಣಾರ್ಥಕ ರೂಪ, ಅಂದರೆ ನಮ್ಮ ‘ಕೂರು’ವಿಗೆ ‘ಕೂರಿಸು’ ಇದ್ದಂತೆ. ಗುಂಪು ಎಂಬ ಅರ್ಥವಾದರೋ ಬಹುಮಟ್ಟಿಗೆ ಲ್ಯಾಟಿನ್ನಿನ ‘ಸೆಕ್ಟಾ’ದಿಂದ ಫ್ರೆಂಚಿನ ಮೂಲಕ ಬಂದು, ಉಚ್ಚಾರದ ಸಾಮ್ಯದಿಂದ ಮೊದಲನೆಯದರೊಂದಿಗೆ ಬೆರೆತುಹೋಯಿತು. ನನಗೆ ಬಹಳ ಸಂತೋಷ ಕೊಡುವ ಸಂಗತಿಯೆಂದರೆ ನಮ್ಮ ‘ಕೂಡಿಸು’ ಎಂಬ ಪದವೂ ಈ ಎರಡನ್ನೂ ಹೊತ್ತಿದೆ: ಅದು ಒಟ್ಟುಗೂಡಿಸುವುದೂ ಹೌದು, ಉತ್ತರ ಕರ್ನಾಟಕದ ಮಾತಿನಲ್ಲಿ ಕುಳ್ಳಿರಿಸುವುದೂ ಹೌದು. ಉಂಗುರಕ್ಕೆ ಹರಳು ಕೂರಿಸುವುದನ್ನು ಇಂಗ್ಲಿಷಿನವರೂ ‘ಸೆಟ್’ ಎಂದೇ ಹೇಳುತ್ತಾರೆ.

ಈ ಪದ ನಿಜವಾಗಿ ಕೆಲಸಕ್ಕೆ ಬರುವ ಜಾಗಗಳಿವೆ. ತಾರಸಿಗೆ ಕಾಂಕ್ರೀಟು ಹಾಕಿದ ಮೇಸ್ತ್ರಿ ‘ಇನ್ನೂ ಸೆಟ್ ಆಗಿಲ್ಲ, ಕಾಲಿಡಬೇಡಿ’ ಎಂದಾಗ ಅದನ್ನು ‘ಗಟ್ಟಿಯಾಗಿಲ್ಲ’ ಎಂದು ಬದಲಿಸಿದರೆ ಅರ್ಥ ಕೆಡುತ್ತದೆ. ಸೆಟ್ ಆಗುವುದೆಂದರೆ ಕಲಸಿದ ಸಿಮೆಂಟು ತನ್ನ ಮೆತ್ತಗಿನ ಗುಣವನ್ನು ಕಳೆದುಕೊಂಡು ಬಿಗಿಯುವುದು. ಭಾರತೀಯ ಮಾನಕದ ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟು ನೀರು ಬೆರೆಸಿದ 30 ನಿಮಿಷಕ್ಕೆ ಮೊದಲು ಸೆಟ್ ಆಗತೊಡಗಬಾರದು, 600 ನಿಮಿಷದೊಳಗೆ ಆಗಿ ಮುಗಿದಿರಬೇಕು. ಗಟ್ಟಿಯಾಗುವುದು ಅದರ ನಂತರವೂ ವಾರಗಟ್ಟಲೆ, ನೀರುಣಿಸಿದಂತೆಲ್ಲ, ನಡೆಯುತ್ತಲೇ ಇರುತ್ತದೆ. ದೋಸೆಯ ಸೆಟ್ಟಿಗೂ ನನ್ನ ತಕರಾರಿಲ್ಲ, ಅದು ಈ ಊರಿನದೇ ಪದವಾಗಿದೆ.

ನನ್ನ ಕಳವಳ ಬೇರೆ ಕಡೆಯದು. ‘ಆಗು’, ‘ಮಾಡು’ಗಳನ್ನು ಹಚ್ಚಿ ಕಾಲ, ಪುರುಷಗಳೆಲ್ಲವನ್ನೂ ಸುಲಭವಾಗಿ ಹೊಂದಿಸಬಹುದಾದ್ದರಿಂದ, ಈ ಪದ ಈಗ ಬೇರೆ ಬೇರೆ ಅನುಭವಗಳಿಗಿದ್ದ ಬೇರೆ ಬೇರೆ ಪದಗಳ ಮೇಲೆಲ್ಲ ಹರಡಿಕೊಳ್ಳುತ್ತಿದೆ. ರವಿಕೆ ಮೈಗೆ ಕೂರುತ್ತದೆ, ಹವೆ ಒಗ್ಗುತ್ತದೆ, ಮೊಸರು ಹೆಪ್ಪುಗಟ್ಟುತ್ತದೆ, ಇಬ್ಬರ ಸ್ವಭಾವ ಹೊಂದುತ್ತದೆ. ಇವೆಲ್ಲಕ್ಕೂ ‘ಸೆಟ್ ಆಯ್ತು’ ಎಂದೇ ಹೇಳುವುದನ್ನು ಕೇಳುತ್ತಿದ್ದೇನೆ. ‘ಬೆಂಗಳೂರು ನನಗೆ ಸೆಟ್ ಆಗಲಿಲ್ಲ’ ಎಂದು ಒಬ್ಬರು ಊರು ಬಿಟ್ಟು ಹೊರಟರೆ, ಅವರಿಗೆ ಒಗ್ಗದೆ ಹೋದದ್ದು ಇಲ್ಲಿಯ ನೀರೋ, ಹೊಂದದೆ ಹೋದದ್ದು ಜನರೋ, ಎಟುಕದೆ ಹೋದದ್ದು ಮನೆಯ ಬಾಡಿಗೆಯೋ ಎಂಬುದು ಅವರನ್ನು ಮತ್ತೊಮ್ಮೆ ಕೇಳದೆ ತಿಳಿಯುವುದಿಲ್ಲ.