ಎಚ್‌ಟಿ-2 ಮೊದಲು ಹಾರಲಿ, ಬಣ್ಣ ಆಮೇಲೆ

ಗೋವಾದ ವಾಸ್ಕೋದಲ್ಲಿ ಮಳೆ ಹಿಡಿದ ಮೇಲೆ ನನ್ನ ಸಂಜೆಗಳೆಲ್ಲ ಎಚ್‌ಟಿ-2 ಎಂಬ ಹಳೆಯ ತರಬೇತಿ ವಿಮಾನದ ಕಂಪ್ಯೂಟರ್ ಮಾಡೆಲ್‌ಗೇ ಮೀಸಲು. ಈಗ ಕೆಲಸ ಎಲ್ಲಿಗೆ ಬಂದಿದೆ ಅಂದರೆ, ಫ್ಲೈಟ್‌ಗಿಯರ್ ಎಂಬ ಹಾರಾಟದ ಸಿಮ್ಯುಲೇಟರಿನಲ್ಲಿ ಅದು ನಮ್ಮ ದಾಬೋಲಿಮ್ ವಿಮಾನ ನಿಲ್ದಾಣದ 26 ನಂಬರಿನ ರನ್‌ವೇಯಿಂದ ಏಳುತ್ತದೆ, ಸಮುದ್ರದ ಮೇಲೆ ಒಂದು ಸುತ್ತು ಹೊಡೆದು ನೆಟ್ಟಗೆ ಇಳಿಯುತ್ತದೆ. ನೋಡಲು ಮಾತ್ರ ಇನ್ನೂ ಬೂದು ಬಣ್ಣದ ಪೆಟ್ಟಿಗೆ. ಕಾಕ್‌ಪಿಟ್ ಇಲ್ಲ, ಗಾಜಿಲ್ಲ, ನಂಬರೂ ಬರೆದಿಲ್ಲ. ಈ ಕ್ರಮ ಬೇಕೆಂದೇ ಇಟ್ಟುಕೊಂಡದ್ದು. ಝುವಾರಿನಗರದಲ್ಲಿ ನಮ್ಮ ಪಕ್ಕದ ಓಣಿಯ ಇಬ್ಬರು ಗದಗಿನ ಹುಡುಗರು ತಾವೂ ಒಂದು ವಿಮಾನ ಮಾಡಬೇಕು ಅಂತ ಹಟ ಹಿಡಿದಿದ್ದಾರೆ. ಅವರಿಗೆ ಹೇಳುತ್ತಿರುವುದನ್ನೇ ಇಲ್ಲೂ ಬರೆಯುತ್ತೇನೆ.

ಮೊದಲನೇ ಮಾಡೆಲ್‌ಗೆ ಏರ್‌ಬಸ್ ಬೇಡ. ಒಂದೇ ಎಂಜಿನ್, ಮಡಚದ ಚಕ್ರ, ಪರದೆಯ ಬದಲು ಮುಳ್ಳಿನ ಗಡಿಯಾರಗಳಿರುವ ಹಳೆಯ ತರಬೇತಿ ವಿಮಾನ ಆರಿಸಿಕೊಳ್ಳಿ. ಎಚ್‌ಟಿ-2 ಅಂಥದ್ದು. ವಿನ್ಯಾಸ ಮಾಡಿದವರು ಡಾ. ವಿ. ಎಂ. ಘಾಟಗೆ. ಕೊಲ್ಹಾಪುರದ ಕಡೆಯವರು, ಜರ್ಮನಿಯ ಗಾಟಿಂಗೆನ್‌ನಲ್ಲಿ ವಾಯುಚಲನ ವಿಜ್ಞಾನಿ ಪ್ರಾಂಟಲ್ ಅವರ ಬಳಿ ಓದಿ ಬಂದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸೇರಿದರು. ಅವರ ಈ ವಿಮಾನ 1951ರಲ್ಲಿ ಮೊದಲ ಸಲ ಹಾರಿತು. ಹಿಂದೆ ಮುಂದೆ ಎರಡು ಸೀಟು, ಕೆಳಗೆ ಕೂರುವ ರೆಕ್ಕೆ, ಬಾಲದಲ್ಲಿ ಒಂದು ಪುಟ್ಟ ಚಕ್ರ, ಮೂತಿಯಲ್ಲಿ 155 ಅಶ್ವಶಕ್ತಿಯ ಸಿರಸ್ ಮೇಜರ್ ಎಂಜಿನ್. ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ವಿಮಾನ ಕಂಪ್ಯೂಟರಿನಲ್ಲಾದರೂ ಹಾರುತ್ತಿರಲಿ ಅನ್ನುವ ಆಸೆಯೂ ನನಗಿದೆ, ಅದನ್ನು ಮುಚ್ಚಿಡುವುದಿಲ್ಲ.

ಇನ್ನೊಂದು ಅನುಕೂಲ, ಬೋಗಮಾಳೊ ರಸ್ತೆಯ ನೌಕಾ ವಾಯುಯಾನ ವಸ್ತುಸಂಗ್ರಹಾಲಯದಲ್ಲಿ ಒಂದು ಎಚ್‌ಟಿ-2 ಬಯಲಲ್ಲೇ ನಿಂತಿದೆ. ಸಿಬ್ಬಂದಿಯನ್ನು ಕೇಳಿಕೊಂಡೇ ಫೋಟೋ ತೆಗೆಯಿರಿ. ತೆಗೆಯುವಾಗ ಹತ್ತಿರ ಹೋಗಬೇಡಿ. ಸಾಧ್ಯವಾದಷ್ಟು ದೂರ ನಿಂತು, ಜೂಮ್ ಮಾಡಿ, ಕ್ಯಾಮೆರಾವನ್ನು ಪ್ರೊಪೆಲ್ಲರಿನ ನಡುಗುಂಬದ ಎತ್ತರಕ್ಕೆ ಹಿಡಿಯಿರಿ. ಹತ್ತಿರದಿಂದ ತೆಗೆದರೆ ಮೂತಿ ಉಬ್ಬುತ್ತದೆ, ಬಾಲ ಕುಗ್ಗುತ್ತದೆ, ಆ ಚಿತ್ರದ ಮೇಲೆ ಗೆರೆ ಎಳೆದರೆ ವಿಮಾನವೇ ಸೊಟ್ಟ. ಟೈರಿನ ಪಕ್ಕದಲ್ಲಿ ಅಳತೆ ಅಚ್ಚಾಗಿರುತ್ತದೆ, ಅದನ್ನು ಓದುವಂತೆ ಒಂದು ಚಿತ್ರ ಬೇಕೇ ಬೇಕು. ಉಳಿದ ಚಿತ್ರಗಳಿಗೆಲ್ಲ ಅದೇ ನಿಮ್ಮ ಅಳತೆಪಟ್ಟಿ. ಪ್ರೊಪೆಲ್ಲರಿನ ಅಲಗು ಯಾವ ಕಡೆಗೆ ತಿರುಚಿದೆ ಅಂತಲೂ ನೋಡಿ. ಅಮೆರಿಕದ ಲೈಕಮಿಂಗ್ ಎಂಜಿನ್‌ಗಳಲ್ಲಿ ಪೈಲಟ್ ಕಣ್ಣಿಗೆ ಅದು ಗಡಿಯಾರದ ದಿಕ್ಕಿಗೆ ತಿರುಗುತ್ತದೆ, ಬ್ರಿಟಿಷರ ಜಿಪ್ಸಿ ಮೇಜರ್ ಎಂಜಿನ್‌ನಲ್ಲಿ ಅದಕ್ಕೆ ವಿರುದ್ಧ. ಈ ದಿಕ್ಕು ತಪ್ಪಿದರೆ ರನ್‌ವೇ ಮೇಲೆ ಓಡುವಾಗ ವಿಮಾನ ಒಂದು ಕಡೆಗೆ ಎಳೆಯಬೇಕಾದಲ್ಲಿ ಇನ್ನೊಂದು ಕಡೆಗೆ ಎಳೆಯುತ್ತದೆ. ಬಣ್ಣಕ್ಕೆ ಮಾತ್ರ ಮ್ಯೂಸಿಯಂ ವಿಮಾನವನ್ನು ನಂಬಬೇಡಿ. ಉಪ್ಪುಗಾಳಿಗೆ ನಿಂತ ಲೋಹಕ್ಕೆ ಮತ್ತೆ ಮತ್ತೆ ಬಣ್ಣ ಬಳಿಯಲೇಬೇಕಾಗುತ್ತದೆ, ಸೇವೆಯಲ್ಲಿದ್ದಾಗಿನ ಬಣ್ಣ ಹಳೆಯ ಫೋಟೋಗಳಲ್ಲಿ ಸಿಗುತ್ತದೆ.

ಈಗ ನಿಜವಾದ ವಿಷಯ, ಲೆಕ್ಕ. ಹೊಸಬರು ಬ್ಲೆಂಡರ್ ಎಂಬ ಮೂರು ಆಯಾಮದ ಚಿತ್ರ ಮಾಡುವ ತಂತ್ರಾಂಶದಲ್ಲಿ ತಿಂಗಳುಗಟ್ಟಲೆ ರಿವೆಟ್ ಕೂರಿಸುತ್ತಾರೆ, ಹಾರಿಸುವ ಹೊತ್ತಿಗೆ ಉತ್ಸಾಹ ಬತ್ತಿರುತ್ತದೆ. ಇಲ್ಲಿ ಹಾರಾಟದ ಲೆಕ್ಕಕ್ಕೆ ನಿಮ್ಮ ಚಿತ್ರದ ಆಕಾರ ಬೇಕಾಗಿಯೇ ಇಲ್ಲ. ಫ್ಲೈಟ್‌ಗಿಯರ್‌ನಲ್ಲಿ ಆ ಲೆಕ್ಕ ಮಾಡುವ ಜೆಎಸ್‌ಬಿಸಿಮ್ ಓದುವುದು ಒಂದು ಎಕ್ಸ್‌ಎಂಎಲ್ ಕಡತವನ್ನು. ರೆಕ್ಕೆಯ ವಿಸ್ತೀರ್ಣ, ತೂಕ, ಗುರುತ್ವ ಕೇಂದ್ರ, ಜಡತ್ವ, ಎತ್ತುವ ಬಲ, ಎಳೆತ ಎಲ್ಲ ಅದರಲ್ಲೇ ಇರುತ್ತವೆ. ಏರೋಮ್ಯಾಟಿಕ್ ಎಂಬ ಸಾಧನಕ್ಕೆ ನಾಲ್ಕಾರು ಅಂಕಿ ಕೊಟ್ಟರೆ ಮೊದಲ ಕರಡು ಕಡತ ಅದೇ ಬರೆದುಕೊಡುತ್ತದೆ. ಆ ಕರಡನ್ನು ಕೈಯಲ್ಲಿ ಪರೀಕ್ಷಿಸುವುದು ನಿಮ್ಮ ಕೆಲಸ.

ಎಚ್‌ಟಿ-2ರ ರೆಕ್ಕೆಯ ಅಗಲ, ತುದಿಯಿಂದ ತುದಿಗೆ, 10.72 ಮೀಟರ್, ವಿಸ್ತೀರ್ಣ ಸುಮಾರು 16 ಚದರ ಮೀಟರ್, ತುಂಬಿದ ತೂಕ 1016 ಕೆಜಿ. ಅಂದರೆ ಗಾಳಿ ಹೊರಬೇಕಾದದ್ದು ಹತ್ತಿರಹತ್ತಿರ 9970 ನ್ಯೂಟನ್. ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಮಡಚುವ ಹಲಗೆ) ಇಳಿಸದ ರೆಕ್ಕೆ ಗರಿಷ್ಠ 1.4ರ ಲಿಫ್ಟ್ ಗುಣಾಂಕ, ಅಂದರೆ ಎತ್ತುವ ಬಲದ ಗುಣಾಂಕ, ಕೊಡುತ್ತದೆ ಅಂದುಕೊಳ್ಳಿ, ಗಾಳಿಯ ಸಾಂದ್ರತೆ ಘನ ಮೀಟರಿಗೆ 1.225 ಕೆಜಿ. ಲೆಕ್ಕ ಹಾಕಿದರೆ ಸ್ಟಾಲ್ ವೇಗ (ಇದಕ್ಕಿಂತ ನಿಧಾನವಾದರೆ ರೆಕ್ಕೆ ವಿಮಾನವನ್ನು ಹೊರಲಾರದು) ಸೆಕೆಂಡಿಗೆ 27 ಮೀಟರ್, ಅಂದರೆ 52 ನಾಟ್. ನಿಮ್ಮ ಮಾಡೆಲ್ 35 ನಾಟ್‌ನಲ್ಲೂ ಆರಾಮಾಗಿ ತೇಲುತ್ತಿದ್ದರೆ ಕಡತದಲ್ಲಿ ಎಲ್ಲೋ ಸುಳ್ಳು ಇದೆ. ನನ್ನದು ಈಗ 53ರ ಆಸುಪಾಸಿನಲ್ಲಿ ಮೂತಿ ಇಳಿಸುತ್ತದೆ, ಅಷ್ಟಕ್ಕೆ ನನಗೆ ತೃಪ್ತಿ.

ಗುರುತ್ವ ಕೇಂದ್ರದ ಬಗ್ಗೆ ಇನ್ನೂ ಹೆಚ್ಚು ತಾಳ್ಮೆ ಬೇಕು. ವಿಸ್ತೀರ್ಣವನ್ನು ಅಗಲದಿಂದ ಭಾಗಿಸಿದರೆ ರೆಕ್ಕೆಯ ಸರಾಸರಿ ಪಟ್ಟಿ, ಅಂದರೆ ಮುಂದಿನ ಅಂಚಿನಿಂದ ಹಿಂದಿನ ಅಂಚಿನವರೆಗಿನ ಉದ್ದ, 1.5 ಮೀಟರ್. ಅದರ ಮುಂದಿನ ಅಂಚಿನಿಂದ ಕಾಲು ಭಾಗ, ಸುಮಾರು 37 ಸೆಂಟಿಮೀಟರ್ ಹಿಂದೆ ಕೇಂದ್ರವನ್ನಿಟ್ಟು ಶುರು ಮಾಡಿ. ಬರೀ ಏಳೆಂಟು ಸೆಂಟಿಮೀಟರ್ ಹಿಂದೆ ಸರಿಸಿ ನೋಡಿ, ಸ್ಟಿಕ್ ಮುಟ್ಟಿದರೆ ಸಾಕು ಅನ್ನುವಷ್ಟು ಚುರುಕಾಗುತ್ತದೆ. ಜೆಎಸ್‌ಬಿಸಿಮ್ ಅಳತೆಗಳು ಸಾಮಾನ್ಯವಾಗಿ ಇಂಚಿನಲ್ಲಿ, ಅಕ್ಷ ಬಾಲದ ಕಡೆಗೆ ಧನ. ಬ್ಲೆಂಡರ್ ಮೀಟರಿನಲ್ಲಿ. ಎರಡಕ್ಕೂ ಒಂದೇ ಮೂಲಬಿಂದು, ಉದಾಹರಣೆಗೆ ಮೂತಿಯ ತುದಿ, ಇಟ್ಟುಕೊಂಡರೆ ಮುಂದೆ ನೆಮ್ಮದಿ.

ಚಕ್ರದ ಸ್ಪ್ರಿಂಗ್ ಬಗ್ಗೆಯೂ ಎಲ್ಲರೂ ಕೇಳುತ್ತಾರೆ, ಯಾಕೆಂದರೆ ಹೊಸ ಮಾಡೆಲ್ ರನ್‌ವೇ ಮೇಲೆ ಪ್ರತ್ಯಕ್ಷವಾದ ಕೂಡಲೇ ಕುಪ್ಪಳಿಸುತ್ತದೆ. 2240 ಪೌಂಡ್ ತೂಕದ ವಿಮಾನದಲ್ಲಿ ಮುಂದಿನ ಒಂದೊಂದು ಚಕ್ರ ಸಾವಿರ ಪೌಂಡ್ ಚಿಲ್ಲರೆ ಹೊರುತ್ತದೆ. ನಿಂತಾಗ ಅರ್ಧ ಅಡಿ ಕುಗ್ಗಲಿ ಅಂದರೆ ಅಡಿಗೆ ಎರಡು ಸಾವಿರದ ಆಸುಪಾಸು ಬಿಗಿತ ಕೊಡಬೇಕು. ಆಮೇಲೂ ಕುಪ್ಪಳಿಸಿದರೆ ಬಿಗಿತ ಮುಟ್ಟಬೇಡಿ, ಡ್ಯಾಂಪಿಂಗ್, ಅಂದರೆ ಕುಪ್ಪಳಿಕೆಯನ್ನು ತಗ್ಗಿಸುವ ಅಂಕಿ, ಏರಿಸಿ. ಬಾಲಚಕ್ರದ ವಿಮಾನದಲ್ಲಿ ಮುಂದಿನ ಚಕ್ರಗಳು ಗುರುತ್ವ ಕೇಂದ್ರಕ್ಕಿಂತ ಮುಂದೆಯೇ ಇರಬೇಕು, ಇಲ್ಲದಿದ್ದರೆ ಮೂತಿಯ ಮೇಲೆ ಬೀಳುತ್ತದೆ.

ನನಗೆ ಬಹಳ ಇಷ್ಟವಾದ ಪರೀಕ್ಷೆ ಒಂದಿದೆ. 185 ಕಿಮೀ ವೇಗದಲ್ಲಿ ನೇರ ಹಾರುವಾಗ ಮೂತಿ ಸ್ವಲ್ಪ ಎತ್ತಿ, ಕೈ ಬಿಟ್ಟುಬಿಡಿ. ವಿಮಾನ ಏರಿ ನಿಧಾನವಾಗುತ್ತದೆ, ಇಳಿದು ವೇಗವಾಗುತ್ತದೆ, ಮತ್ತೆ ಏರುತ್ತದೆ. 1908ರಲ್ಲಿ ಬ್ರಿಟಿಷ್ ಎಂಜಿನಿಯರ್ ಲಾಂಚೆಸ್ಟರ್ ಇದಕ್ಕೆ ಫ್ಯೂಗಾಯ್ಡ್ ಅಂತ ಹೆಸರಿಟ್ಟರು. ಸೆಕೆಂಡಿಗೆ ಎಷ್ಟು ಮೀಟರ್ ವೇಗವೋ ಅದನ್ನು 0.45ರಿಂದ ಗುಣಿಸಿದರೆ ಒಂದು ಸುತ್ತಿನ ಅವಧಿ, ಇಲ್ಲಿ 23 ಸೆಕೆಂಡ್. ಗಡಿಯಾರ ಹಿಡಿದು ನೋಡುವಾಗ, ತಾನು ಬರೆದ ಅಂಕಿಗಳು ಗಾಳಿಯಲ್ಲಿ ಉಸಿರಾಡುವುದು ಕಾಣುತ್ತದೆ. ಇದನ್ನು ತೋರಿಸಿದ ಮೇಲೆಯೇ ಆ ಹುಡುಗರು ಲೆಕ್ಕದ ಪುಸ್ತಕ ತೆಗೆದದ್ದು.

ಬ್ಲೆಂಡರ್ ಕೆಲಸ ಈ ವಾರ ಏಲ್ರಾನ್‌ವರೆಗೆ, ಅಂದರೆ ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯ ಹಲಗೆಗಳವರೆಗೆ, ಬಂದಿದೆ. ಚಲಿಸುವ ಪ್ರತಿ ಭಾಗಕ್ಕೂ ಬೇರೆ ಹೆಸರು ಕೊಡಿ. ಕೀಲಿನ ಗೆರೆ ಓರೆಯಾಗಿದ್ದರೆ ಅದರ ಎರಡು ತುದಿಗಳ ನಿರ್ದೇಶಾಂಕ ಬರೆದುಕೊಂಡು ಅನಿಮೇಷನ್ ಕಡತಕ್ಕೆ ಹಾಕಿ, ಅಂದಾಜು ಬೇಡ. ಬೇರೆಯವರ ಮಾಡೆಲ್‌ನಿಂದ ಟೆಕ್ಸ್ಚರ್ (ಮೈಮೇಲೆ ಅಂಟಿಸುವ ಚಿತ್ರ) ಎತ್ತಿಕೊಳ್ಳುವ ಮುನ್ನ ಅದರ ಪರವಾನಗಿ ಓದಿ. ನಿಮ್ಮದೇ ಫೋಟೋ ಇದ್ದರೆ ಆ ತಲೆನೋವಿಲ್ಲ.

ಮುಂದೆ ಮಳೆಗಾಲದ ಅಡ್ಡಗಾಳಿಯಲ್ಲಿ ಪರೀಕ್ಷೆ. ದಾಬೋಲಿಮ್‌ನ ನಿಜವಾದ ಹವಾಮಾನ ವರದಿಯನ್ನು ಫ್ಲೈಟ್‌ಗಿಯರ್ ತಾನೇ ತರಿಸಿಕೊಳ್ಳುತ್ತದೆ, ಹಾಗಾಗಿ ಕಿಟಕಿಯಾಚೆ ಬೀಸುವ ಗಾಳಿಯಲ್ಲೇ ಇಳಿಸಬಹುದು. ಆಮೇಲೆ ಹಿಂದಿನ ಸೀಟಿನ ಮುಳ್ಳುಗಳು. ಎಚ್‌ಟಿ-2ರಲ್ಲಿ ಕಲಿತ ಹಿರಿಯರು ಯಾರಾದರೂ ಇದನ್ನು ಓದುತ್ತಿದ್ದರೆ, ಟ್ರಿಮ್ ಚಕ್ರ ಯಾವ ಕೈಗೆ ಸಿಗುತ್ತಿತ್ತು, ಇಳಿಸುವಾಗ ಎಷ್ಟು ವೇಗ ಹಿಡಿಯುತ್ತಿದ್ದಿರಿ, ದಯವಿಟ್ಟು ತಿಳಿಸಿ. ಅವೆರಡು ಸಿಕ್ಕರೆ ಕಾಕ್‌ಪಿಟ್ ಶುರು ಮಾಡುತ್ತೇನೆ.