ಅಮಾವಾಸ್ಯೆಗೆ ಲಕ್ಕಿ ಸೊಪ್ಪು, ಹುಣ್ಣಿಮೆಗೆ ಲಾವಂಚ

ಮೊನ್ನೆ ಅಮಾವಾಸ್ಯೆ ದಿನ ಸಂಜೆ ಏಳಕ್ಕೇ ಮಷೀನ್ ನಿಲ್ಲಿಸಿದೆ. ಇನ್ನೂ ಎರಡು ಬ್ಲೌಸಿಗೆ ಹುಕ್ಕು ಹಾಕುವುದು ಬಾಕಿ ಇತ್ತು, ಗಿರಾಕಿಯ ಫೋನೂ ಬಂದಿತ್ತು. "ನಾಳೆ ಬೆಳಗ್ಗೆ ಹತ್ತಕ್ಕೆ ಬನ್ನಿ ಅಕ್ಕಾ, ರೆಡಿ ಇರುತ್ತೆ" ಅಂದೆ. ಆಮೇಲೆ ಅಡುಗೆಮನೆಗೆ ಹೋಗಿ ದೊಡ್ಡ ಪಾತ್ರೆಯಲ್ಲಿ ನೀರಿಟ್ಟು ಎರಡು ಹಿಡಿ ಲಕ್ಕಿ ಸೊಪ್ಪು ಹಾಕಿದೆ. ಹತ್ತು ನಿಮಿಷಕ್ಕೆ ಮನೆಯೆಲ್ಲ ಆ ಘಾಟು ವಾಸನೆ. ಮಗಳು ರೂಮಿನಿಂದಲೇ ಕೂಗಿದಳು, "ಅಮ್ಮಾ, ಇವತ್ತು ಅಮಾವಾಸ್ಯೆನಾ?"

ಕ್ಯಾಲೆಂಡರ್ ನೋಡದೆ ವಾಸನೆಯಲ್ಲೇ ತಿಥಿ ಹೇಳುತ್ತಾಳೆ ಈಗ. ನನಗೆ ತುಂಬಾ ಖುಷಿಯಾಯಿತು.

ನಾನು ತುಮಕೂರಿನಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಹದಿನಾರು ವರ್ಷ ಆಯಿತು. ವರಮಹಾಲಕ್ಷ್ಮಿ, ಗೌರಿ ಹಬ್ಬ, ದೀಪಾವಳಿ, ಆಮೇಲೆ ಮದುವೆ ಸೀಸನ್. ಊರಿಗೆಲ್ಲ ಹಬ್ಬ ಅಂದರೆ ನಮಗೆ ರಾತ್ರಿ ಒಂದು ಗಂಟೆ ತನಕ ಲೈಟು ಉರಿಯುತ್ತದೆ ಅಂತ ಅರ್ಥ. ಕತ್ತು ಬಗ್ಗಿಸಿ ಬಗ್ಗಿಸಿ ಭುಜ ಕಲ್ಲಾಗುತ್ತದೆ, ಪಾದ ಊದಿಕೊಳ್ಳುತ್ತದೆ. ಒಂದು ಎಣ್ಣೆ ಸ್ನಾನ ಮಾಡಬೇಕು ಅಂತ ಎಷ್ಟು ಸಲ ಅಂದುಕೊಂಡೆನೋ, ಈ ಆರ್ಡರ್ ಮುಗೀಲಿ ಆಮೇಲೆ ಅಂತ ಅಷ್ಟೇ ಸಲ ಮುಂದಕ್ಕೆ ಹಾಕಿದೆ. ಹೀಗೇ ಏಳೆಂಟು ವರ್ಷ ಹೋಯಿತು. ಶ್ಯಾಂಪೂ ಹಚ್ಚಿ ಐದು ನಿಮಿಷದಲ್ಲಿ ತಲೆಗೆ ನೀರು ಹಾಕಿಕೊಂಡು ಓಡಿ ಬರುವುದು, ಅದನ್ನೇ ಸ್ನಾನ ಅಂದುಕೊಂಡಿದ್ದೆ.

ಒಂದು ದೀಪಾವಳಿಗೆ ಕೊರಟಗೆರೆ ಕಡೆ ಇರುವ ತವರಿಗೆ ಹೋಗಿದ್ದೆ. ಹಿಂದಿನ ದಿನ ನೀರು ತುಂಬುವ ಹಬ್ಬ. ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣ ಕೆಮ್ಮಣ್ಣು ಬಳಿದು, ಕಂಠಕ್ಕೆ ಹಸಿರು ಬಳ್ಳಿ ಸುತ್ತಿ ನೀರು ತುಂಬಿಸಿದ್ದರು. ಇನ್ನೂ ಕತ್ತಲಿರುವಾಗಲೇ ಅಜ್ಜಿ ಎಬ್ಬಿಸಿದರು. ಒಲೆಯಲ್ಲಿ ತೆಂಗಿನ ಮಟ್ಟೆ ಉರಿಯುತ್ತಿತ್ತು. ಮಣೆ ಮೇಲೆ ಕೂರಿಸಿ ನೆತ್ತಿಗೆ ಬೆಚ್ಚಗಿನ ಎಣ್ಣೆ ಇಟ್ಟು ತಟ್ಟುತ್ತಾ, "ಎಷ್ಟ್ ಸೊರಗಿದ್ದೀಯ ಮಗಾ, ನಿನ್ನ ತಲೆಗೆ ಯಾರೂ ಎಣ್ಣೆ ಇಡೋರೇ ಇಲ್ವೇನೇ?" ಅಂದರು. ಇಲ್ಲ ಅಜ್ಜಿ ಅನ್ನೋಕೆ ಬಾಯಿ ಬರಲಿಲ್ಲ. ಸುಮ್ನೆ ಅತ್ತುಬಿಟ್ಟೆ. ಅವರೂ ಏನೂ ಕೇಳಲಿಲ್ಲ, ಎಣ್ಣೆ ಹಚ್ಚುತ್ತಲೇ ಇದ್ದರು.

ಅಷ್ಟು ಬೇಗ ಯಾಕೆ ಏಳಬೇಕು ಅನ್ನುವುದಕ್ಕೂ ಚಂದ್ರನೇ ಕಾರಣ. ನರಕ ಚತುರ್ದಶಿಯ ಎಣ್ಣೆ ಸ್ನಾನ ಚಂದ್ರೋದಯದ ಹೊತ್ತಿಗೆ ಆಗಬೇಕು ಅಂತ ಪದ್ಧತಿ. ಚಂದ್ರ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗಿ ಹುಟ್ಟುತ್ತಾ ಹೋಗುತ್ತಾನೆ ಅಲ್ವಾ, ಹಾಗಾಗಿ ಅಮಾವಾಸ್ಯೆಯ ಹಿಂದಿನ ದಿನಗಳಲ್ಲಿ ಅವನು ಮೂಡುವುದು ಬೆಳಗಿನ ಜಾವ, ಸೂರ್ಯನಿಗೆ ಸ್ವಲ್ಪ ಮುಂಚೆ. ಉಗುರಿನ ಚೂರಿನಷ್ಟು ತೆಳ್ಳಗೆ ಇರುತ್ತಾನೆ, ಬೆಳಕು ಹರಿದರೆ ಕಾಣಿಸುವುದೇ ಇಲ್ಲ. ಆ ಸಣ್ಣ ಸಂದಿಯಲ್ಲೇ ಸ್ನಾನ ಮುಗಿಯಬೇಕು. ಚಿಕ್ಕವಳಿದ್ದಾಗ ಇದು ಹಿರಿಯರ ಕಾಟ ಅಂದುಕೊಂಡಿದ್ದೆ. ಆವತ್ತು ಮಾತ್ರ ಒಂದು ವಿಷಯ ಹೊಳೆಯಿತು. ಚಂದ್ರನ ಹತ್ತಿರ ಆಮೇಲೆ ಅನ್ನುವ ಮಾತು ನಡೆಯುವುದಿಲ್ಲ. ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ ಇಪ್ಪತ್ತೊಂಬತ್ತೂವರೆ ದಿನ, ನನ್ನ ಆರ್ಡರ್ ಮುಗಿದರೂ ಸರಿ, ಮುಗಿಯದಿದ್ದರೂ ಸರಿ. ನನಗೆ ಬೇಕಾಗಿದ್ದೂ ಅಂಥದ್ದೇ ಒಂದು ತಾರೀಕು.

ಊರಿಂದ ಬಂದವಳೇ ಗೋಡೆಯ ಕ್ಯಾಲೆಂಡರ್‌ನಲ್ಲಿ ಪೆನ್ನಿನಿಂದ ಗುರುತು ಹಾಕಿದೆ. ಅಮಾವಾಸ್ಯೆಗೆ ಲಕ್ಕಿ ಸೊಪ್ಪಿನ ನೀರು. ಶುಕ್ಲ ಪಕ್ಷದಲ್ಲಿ ಒಂದು ಶುಕ್ರವಾರ, ಕೃಷ್ಣ ಪಕ್ಷದಲ್ಲಿ ಒಂದು ಶುಕ್ರವಾರ ಎಣ್ಣೆ ಸ್ನಾನ. ಹುಣ್ಣಿಮೆಗೆ ಪಾದಕ್ಕೆ ಲಾವಂಚದ ನೀರು. ಅಮಾವಾಸ್ಯೆ, ಹುಣ್ಣಿಮೆ, ಏಕಾದಶಿಗೆ ನಮ್ಮ ಅಜ್ಜಿ ಎಣ್ಣೆ ಮುಟ್ಟುವುದಿಲ್ಲ, ಅದಕ್ಕೇ ಈ ಲೆಕ್ಕ. ತಿಥಿ ಅಡ್ಡ ಬಂದರೆ ಮಂಗಳವಾರಕ್ಕೆ ಹೋಗುತ್ತದೆ, ಅಷ್ಟೇ.

ಲಕ್ಕಿ ಗಿಡ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕೆರೆ ಏರಿ, ಹಳ್ಳದ ಬದಿಯಲ್ಲಿ ಪೊದೆಯಂತೆ ಬೆಳೆದಿರುತ್ತದೆ. ಒಂದೇ ತೊಟ್ಟಿಗೆ ಮೂರೋ ಐದೋ ಎಲೆ, ಕೈ ಬೆರಳು ಅಗಲಿಸಿದ ಹಾಗೆ. ಎಲೆ ಮೇಲೆ ಹಸಿರು, ಕೆಳಗೆ ಬೂದಿ ಬಳಿದಂತೆ ಬೆಳ್ಳಗೆ. ಹೂವು ತಿಳಿ ನೇರಳೆ. ಬಾಣಂತಿಯರಿಗೆ ನೀರು ಹಾಕುವಾಗ ಕುದಿಸುತ್ತಾರಲ್ಲ, ಅದೇ. ನಾಲ್ಕು ಲೀಟರ್ ನೀರಿಗೆ ಎರಡು ಹಿಡಿ ಹಾಕಿ ಹದಿನೈದು ನಿಮಿಷ ಕುದಿಸಿ, ಸೋಸಿ, ಬಕೆಟ್ಟಿನ ನೀರಿಗೆ ಬೆರೆಸುತ್ತೇನೆ. ನೀರು ಟೀ ಬಣ್ಣಕ್ಕೆ ತಿರುಗುತ್ತದೆ. ಕುದಿಯುವ ಪಾತ್ರೆಯನ್ನು ಬಚ್ಚಲಿಗೆ ಹೊತ್ತುಕೊಂಡು ಹೋಗಬೇಡಿ, ಸ್ವಲ್ಪ ಆರಿದ ಮೇಲೆ ಸೋಸಿ. ಒಂದು ಟವಲ್ಲನ್ನು ಆ ಬೆಚ್ಚಗಿನ ನೀರಲ್ಲಿ ಅದ್ದಿ, ಹಿಂಡಿ, ಕತ್ತಿನ ಹಿಂದೆ ಇಟ್ಟುಕೊಂಡು ಕಣ್ಣು ಮುಚ್ಚಿ ಕೂರುತ್ತೇನೆ. ಭುಜ ಸಡಿಲ ಆಗುವುದು ಗೊತ್ತಾಗುತ್ತದೆ.

ಎಣ್ಣೆ ಸ್ನಾನಕ್ಕೆ ನಮ್ಮ ಜಿಲ್ಲೆಯವರು ದೂರ ಹುಡುಕಬೇಕಿಲ್ಲ, ತಿಪಟೂರು ಕೊಬ್ಬರಿ ಇರುವಾಗ. ಎರಡು ಚಮಚ ಕೊಬ್ಬರಿ ಎಣ್ಣೆಗೆ ಒಂದು ಚಮಚ ಹರಳೆಣ್ಣೆ. ಬಟ್ಟಲನ್ನು ಬಿಸಿ ನೀರಲ್ಲಿ ಇಟ್ಟು ಬೆಚ್ಚಗೆ ಮಾಡುತ್ತೇನೆ, ನೇರವಾಗಿ ಒಲೆ ಮೇಲೆ ಇಡುವುದಿಲ್ಲ. ನೆತ್ತಿ, ಕಿವಿಯ ಹಿಂದೆ, ಅಂಗಾಲು. ಆಯುರ್ವೇದದಲ್ಲೂ ತಲೆ, ಕಿವಿ, ಪಾದಕ್ಕೆ ವಿಶೇಷವಾಗಿ ಹಚ್ಚಿ ಅಂತಾರೆ, ತಲೆಗೆ ತುಂಬಾ ಬಿಸಿ ನೀರು ಬೇಡ ಅಂತಲೂ ಅಂತಾರೆ. ಅರ್ಧ ಗಂಟೆ ಬಿಟ್ಟು ಸೀಗೆಕಾಯಿ ಪುಡಿ, ಚುಜ್ಜಲು ಮರದ ಎಲೆಯ ಪುಡಿ ಎರಡನ್ನೂ ಅನ್ನ ಬಸಿದ ಗಂಜಿಯಲ್ಲಿ ಕಲಸಿ ಹಚ್ಚಿ ತೊಳೆಯುವುದು. ರಾತ್ರಿ ನೆನೆಸಿದ ಮೆಂತ್ಯ ಅರೆದು ಸೇರಿಸಿದರೆ ಕೂದಲು ರೇಷ್ಮೆ. ಎಣ್ಣೆ ಬಿದ್ದ ನೆಲ ಜಾರುತ್ತದೆ, ನೋಡಿಕೊಂಡು ಕಾಲಿಡಿ.

ಸೀಗೆಕಾಯಿ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ನಮ್ಮ ಲೇಔಟಿನಲ್ಲಿ ಬೋರ್‌ವೆಲ್ ನೀರು, ಗಡಸು. ಸೋಪು ನೊರೆಯೇ ಬರುವುದಿಲ್ಲ, ಬಕೆಟ್ಟಿನ ಅಂಚಿಗೆ ಬಿಳಿ ಗಸಿ ಕಟ್ಟುತ್ತದೆ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೋಪಿನ ಜೊತೆ ಸೇರಿ ಆಗುವ ಗಸಿ ಅದು. ಚರ್ಮದ ಮೇಲೂ ಕೂದಲ ಮೇಲೂ ಅದೇ ಕೂರುತ್ತದೆ, ಅದಕ್ಕೇ ಸ್ನಾನ ಆದಮೇಲೂ ಮೈ ಬಿಗಿ ಬಿಗಿ. ಸೀಗೆಕಾಯಿ, ಅಂಟುವಾಳದಲ್ಲಿ ನೊರೆ ಬರಿಸುವುದು ಸಪೋನಿನ್ ಅನ್ನುವ ಬೇರೆ ಪದಾರ್ಥ, ಅದು ಗಡಸು ನೀರಲ್ಲಿ ಹಾಗೆ ಗಸಿ ಕಟ್ಟುವುದಿಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಎಲ್ಲ ಕಡೆ ಬೋರ್ ನೀರನ್ನೇ ನಂಬಿರುವ ನಮ್ಮಂಥವರು ಅಜ್ಜಿಯರ ಪುಡಿ ಬಿಟ್ಟಿದ್ದು ದೊಡ್ಡ ನಷ್ಟ ಅಂತ ನನ್ನ ಅಭಿಪ್ರಾಯ. ಕಣ್ಣಿಗೆ ಬಿದ್ದರೆ ಮಾತ್ರ ತುಂಬಾ ಉರಿ, ಹುಷಾರು.

ಶುರುವಿನಲ್ಲಿ ನಾನೂ ಒಂದು ತಪ್ಪು ಮಾಡಿದೆ. ಪುಡಿ ಮಾಡಿಕೊಳ್ಳಲು ಸಮಯ ಇಲ್ಲ ಅಂತ ಆನ್‌ಲೈನ್‌ನಲ್ಲಿ ಒಂದು ರೆಡಿ ಸ್ನಾನದ ಪುಡಿ ತರಿಸಿದೆ. ಏನೇನು ಹಾಕಿದ್ದಾರೆ ಅಂತ ಪೂರ್ತಿ ಬರೆದಿರಲಿಲ್ಲ, ಸೆಂಟಿನ ವಾಸನೆ ಜಾಸ್ತಿ. ಎರಡು ದಿನ ತೋಳಿನ ಮೇಲೆಲ್ಲ ಕೆಂಪು ಗಂಧೆ. ಆಗಿನಿಂದ ಮಂಡಿಪೇಟೆಗೆ ಹೋಗಿ ಗ್ರಂಥಿಗೆ ಅಂಗಡಿಯಲ್ಲಿ ಕಚೋರ, ಕಸ್ತೂರಿ ಅರಿಶಿನ, ಲಾವಂಚ, ಅಂಟುವಾಳ ಒಂದೊಂದಾಗಿ ನೋಡಿ, ಮೂಸಿ ತರುತ್ತೇನೆ. ಹೆಸರುಕಾಳು, ಒಣಗಿಸಿದ ತಂಗಡಿ ಹೂವು ಸೇರಿಸಿ ಗಿರಣಿಯಲ್ಲಿ ಬೀಸಿಸುತ್ತೇನೆ. ಹೊಸದು ಏನೇ ಆಗಲಿ, ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ನೋಡಿ. ಬಸುರಿಯರು, ಚರ್ಮದ ತೊಂದರೆ ಇರುವವರು ಡಾಕ್ಟರ್ ಹತ್ತಿರ ಕೇಳಿಯೇ ಮಾಡಿ.

ಚಂದ್ರನಿಗೂ ನಿನ್ನ ಬಕೆಟ್ ನೀರಿಗೂ ಏನು ಸಂಬಂಧ ಅಂತ ನಮ್ಮ ಯಜಮಾನರು ಕೇಳುತ್ತಾರೆ. ಸಮುದ್ರ ಉಕ್ಕುವಂತೆ ನನ್ನ ಬಕೆಟ್ ಉಕ್ಕುತ್ತದೆ ಅಂತ ನಾನೂ ನಂಬಿಲ್ಲ. ಆದರೆ ತಿಂಗಳಿಗೆ ನಾಲ್ಕು ಸಲ ತಲೆ ಎತ್ತಿ ಆಕಾಶ ನೋಡುವ ಹಾಗಾಯಿತು ನನಗೆ. ದಿನವೆಲ್ಲ ಸೂಜಿ ತುದಿ ನೋಡುವವಳಿಗೆ ಅದು ಸಣ್ಣ ವಿಷಯ ಅಲ್ಲ. 2025ರ ಯುಗಾದಿ ಮಾರ್ಚ್ 30ಕ್ಕೆ ಬಂತು. ಬೆಳಗ್ಗೆ ಬೇವಿನ ಸೊಪ್ಪು ಹಾಕಿದ ನೀರಲ್ಲಿ ಎಲ್ಲರದ್ದೂ ಎಣ್ಣೆ ಸ್ನಾನ. ಸಂಜೆ ಚಂದ್ರನನ್ನು ನೋಡಿ ದೊಡ್ಡವರಿಗೆ ನಮಸ್ಕಾರ ಮಾಡುವುದು ರೂಢಿ ಅಂತ ಮಾಳಿಗೆ ಹತ್ತಿದರೆ, ಪಕ್ಕದ ಮನೆಯವರೂ ಮಾಳಿಗೆಯಲ್ಲೇ ಇದ್ದರು, ರಂಜಾನ್ ಚಂದ್ರ ಹುಡುಕುತ್ತಾ. ಅವರ ಮನೆಯ ಹುಡುಗನೇ ಮೊದಲು ಕಂಡಿದ್ದು, "ಆಂಟೀ, ಅಲ್ಲಿ, ಟ್ಯಾಂಕ್ ಮೇಲೆ!" ಅಂತ ಕೈ ತೋರಿಸಿದ. ಮಾರನೇ ದಿನ ಅವರ ಮನೆಯಿಂದ ಸುರ್ಕುಂಬಾ ಬಂತು, ನಮ್ಮ ಮನೆಯಿಂದ ಒಬ್ಬಟ್ಟು ಹೋಯಿತು.

ಹುಣ್ಣಿಮೆಯದ್ದು ಎಲ್ಲಕ್ಕಿಂತ ಸುಲಭ. ಲಾವಂಚದ ಬೇರನ್ನು ಬೆಳಗ್ಗೆಯೇ ನೀರಲ್ಲಿ ನೆನೆಹಾಕುತ್ತೇನೆ. ರಾತ್ರಿ ಊಟ ಆದಮೇಲೆ ಆ ನೀರಿಗೆ ಸ್ವಲ್ಪ ಬಿಸಿ ನೀರು, ಒಂದು ಹಿಡಿ ಕಲ್ಲುಪ್ಪು ಸೇರಿಸಿ, ಟಬ್ ಮಾಳಿಗೆಗೆ ಒಯ್ದು ಪಾದ ಇಳಿಬಿಟ್ಟು ಕೂರುತ್ತೇನೆ. ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ ಲಾವಂಚದಿಂದ. ಮೊಬೈಲ್ ಕೆಳಗೇ ಇರುತ್ತದೆ. ಪೆಡಲ್ ತುಳಿದು ತುಳಿದು ಬಲಗಾಲ ಹೆಬ್ಬೆರಳ ಬುಡದಲ್ಲಿ ಒಂದು ಆಣಿ ಇದೆ, ನೀರಲ್ಲಿ ನೆನೆದು ಅದು ಮೆತ್ತಗಾಗುವ ತನಕ ಏಳುವುದಿಲ್ಲ. ಹೋದ ಹುಣ್ಣಿಮೆಗೆ ಮಗಳೂ ಬಂದು ಎದುರಿಗೆ ಕೂತು ಅದೇ ಟಬ್ಬಿಗೆ ಕಾಲು ಹಾಕಿದಳು. ನೀರು ಚೆಲ್ಲಿತು. ಇಬ್ಬರೂ ಜಾಗ ಮಾಡಿಕೊಂಡು ಕೂತೆವು.

ಈ ಶುಕ್ರವಾರ ಎಣ್ಣೆ ಸ್ನಾನದ ಸರದಿ. ಚುಜ್ಜಲು ಪುಡಿ ತಳ ಕಂಡಿದೆ, ನಾಳೆ ಮಂಡಿಪೇಟೆಗೆ ಹೋಗಬೇಕು.