ಏರೋ ಇಂಡಿಯಾದಲ್ಲಿ ಸಣ್ಣ ಮೆಷಿನ್ ಶಾಪ್‌ನ ಸ್ಟಾಲ್

ಯಲಹಂಕ ವಾಯುನೆಲೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ವೈಮಾನಿಕ ಪ್ರದರ್ಶನ ಏರೋ ಇಂಡಿಯಾದಲ್ಲಿ ಪೀಣ್ಯದ ಮೆಷಿನ್ ಶಾಪ್ (ಲೋಹ ಕೊರೆದು ಬಿಡಿಭಾಗ ಮಾಡುವ ಕಾರ್ಖಾನೆ) ಸ್ಟಾಲ್ ಹಾಕುವುದಾದರೆ, ಬ್ಯಾನರಿಗಿಂತ ಮೊದಲು ಸ್ಯಾಂಪಲ್ ಮತ್ತು ದಾಖಲೆ ಸಿದ್ಧವಾಗಬೇಕು. 2025ರಲ್ಲಿ ಫೆಬ್ರವರಿ 10ರಿಂದ 14ರವರೆಗೆ ನಡೆದ ಪ್ರದರ್ಶನದ ಮೊದಲ ಮೂರು ದಿನ ವ್ಯವಹಾರಕ್ಕೆ ಮೀಸಲಾಗಿದ್ದವು. ಆರ್ಡರ್ ಕೊಡುವವರು ಸಿಗುವುದು ಆಗಲೇ. ವಿಮಾನಗಳ ಹಾರಾಟ ಶುರುವಾದರೆ ಜನ ಹೊರಗೆ ಹೋಗುತ್ತಾರೆ. ಆ ಹೊತ್ತಿಗೆ ಯಾರ ಭೇಟಿಯನ್ನೂ ಇಟ್ಟುಕೊಳ್ಳಬೇಡಿ.

ನಾಲ್ಕೈದು ಸ್ಯಾಂಪಲ್ ಸಾಕು. ಗ್ರಾಹಕರ ಡ್ರಾಯಿಂಗ್‌ನಂತೆ ಮಾಡಿದ ಬಿಡಿಭಾಗವನ್ನು ಲಿಖಿತ ಅನುಮತಿ ಇಲ್ಲದೆ ಮೇಜಿನ ಮೇಲಿಡಲೇಬೇಡಿ. ಇದ್ದ ಗ್ರಾಹಕರೂ ಕೈತಪ್ಪುತ್ತಾರೆ. ಪ್ರದರ್ಶನಕ್ಕೆಂದೇ ನಿಮ್ಮದೇ ವಿನ್ಯಾಸದಲ್ಲಿ ಮಾಡಿ: 7075 ಎಂಬ ಗಟ್ಟಿ ಅಲ್ಯುಮಿನಿಯಂ ಮಿಶ್ರಲೋಹದಲ್ಲಿ 1 ಮಿ.ಮೀ. ಗೋಡೆಯ ಪಾಕೆಟ್ (ಕೊರೆದ ಗುಳಿ), ಟೈಟಾನಿಯಂನ ಒಂದು ಬ್ರಾಕೆಟ್, ಇಂಕೊನೆಲ್ 718 ಎಂಬ ನಿಕಲ್ ಮಿಶ್ರಲೋಹದ ಒಂದು ತುಣುಕು. ತೆಳು ಗೋಡೆಯ ಭಾಗ ಒಳಗಿನ ಒತ್ತಡ ಬಿಡುಗಡೆಯಾಗಿ ಸೊಟ್ಟಗಾಗುತ್ತದೆ. ಅದು ನೇರವಾಗಿ ನಿಂತಿದ್ದರೆ ಬಲ್ಲವರಿಗೆ ನಿಮ್ಮ ಕೆಲಸ ಅರ್ಥವಾಗುತ್ತದೆ. ಅವರು ಮೊದಲು ಮಾಡುವುದು ಅಂಚಿನ ಮೇಲೆ ಬೆರಳಾಡಿಸಿ ಬರ್ (ಕೊರೆದಾಗ ಅಂಚಿನಲ್ಲಿ ಉಳಿಯುವ ಚೂಪು ಎಳೆ) ಇದೆಯೇ ಎಂದು ನೋಡುವುದು. ಉಕ್ಕಿನ ಸ್ಯಾಂಪಲ್ ಕೈಬೆವರಿಗೆ ತುಕ್ಕು ಹಿಡಿಯುತ್ತದೆ, ದಿನಾ ತೆಳುವಾಗಿ ಎಣ್ಣೆ ಒರೆಸಿ. ಪ್ರತಿ ಸ್ಯಾಂಪಲ್ ಪಕ್ಕದಲ್ಲಿ ಅದರ ಸಿಎಂಎಂ (ನಿಖರ ಅಳತೆಯ ಯಂತ್ರ) ವರದಿ ಇರಲಿ. ‘5 ಮೈಕ್ರಾನ್ ಕೊಡುತ್ತೇವೆ’ ಎಂದು ಬರೆದರೆ ಯಾವ ಅಳತೆಯಲ್ಲಿ, ಎಷ್ಟು ಭಾಗಗಳಲ್ಲಿ ಎಂಬ ಪ್ರಶ್ನೆ ಬಂದೇ ಬರುತ್ತದೆ.

ವೈಮಾನಿಕ ಉದ್ಯಮದ ಗುಣಮಟ್ಟಕ್ಕೆ ಕೊಡುವ ಎಎಸ್ 9100 ಪ್ರಮಾಣಪತ್ರದಲ್ಲಿ ಅದು ಯಾವ ಕೆಲಸಕ್ಕೆ ಅನ್ವಯ ಎನ್ನುವ ವ್ಯಾಪ್ತಿಯ ಸಾಲನ್ನು ಓದಿಟ್ಟುಕೊಳ್ಳಿ. ಹೀಟ್ ಟ್ರೀಟ್‌ಮೆಂಟ್, ಅನೋಡೈಸಿಂಗ್ (ಅಲ್ಯುಮಿನಿಯಂ ಮೇಲ್ಮೈಗೆ ರಕ್ಷಣಾ ಪದರ), ಎನ್‌ಡಿಟಿ (ಭಾಗ ಒಡೆಯದೆ ಮಾಡುವ ದೋಷ ಪರೀಕ್ಷೆ) ಎಲ್ಲಿ ಮಾಡಿಸುತ್ತೀರಿ, ಅವರಿಗೆ ಇಂಥ ವಿಶೇಷ ಪ್ರಕ್ರಿಯೆಗಳಿಗೆ ಕೊಡುವ ನ್ಯಾಡ್‌ಕ್ಯಾಪ್ ಮಾನ್ಯತೆ ಇದೆಯೇ ಎಂಬುದಕ್ಕೆ ತಡವರಿಸದೆ ಉತ್ತರ ಬೇಕು. ಮಾತುಕತೆ ಹೆಚ್ಚಾಗಿ ಮುರಿಯುವುದು ಇಲ್ಲೇ. ಎಎಸ್ 9102 ಮಾನದಂಡದ ಮೂರು ಫಾರ್ಮ್‌ಗಳಿರುವ ಎಫ್‌ಎಐ (ಮೊದಲ ಭಾಗದ ತಪಾಸಣೆ ವರದಿ) ಮಾದರಿಯೊಂದನ್ನು ಪ್ರದರ್ಶನದ ಸ್ಯಾಂಪಲ್ ಮೇಲೆಯೇ ತಯಾರಿಸಿ.

ಸ್ಟಾಲ್‌ನಲ್ಲಿ ಮಾರಾಟದವರ ಜೊತೆ ಒಬ್ಬ ಪ್ರೊಸೆಸ್ ಎಂಜಿನಿಯರ್ ಇರಲೇಬೇಕು. ಬಂದವರ ವಿಸಿಟಿಂಗ್ ಕಾರ್ಡ್ ಹಿಂದೆ ಲೋಹ, ಗಾತ್ರ, ವರ್ಷಕ್ಕೆ ಎಷ್ಟು ಭಾಗ, ಡ್ರಾಯಿಂಗ್ ಯಾರು ಯಾವಾಗ ಕಳಿಸುತ್ತಾರೆ ಎಂಬುದನ್ನು ಅವರು ಹೊರಟ ತಕ್ಷಣ ಬರೆಯಿರಿ. ಸಂಜೆಗೆ ಮುಖಗಳೆಲ್ಲ ಕಲಸಿಹೋಗಿರುತ್ತವೆ. ನಿಂತಲ್ಲೇ ಬೆಲೆ ಹೇಳಬೇಡಿ. ಗೋಪ್ಯತಾ ಒಪ್ಪಂದವಿಲ್ಲದೆ ಡ್ರಾಯಿಂಗ್ ಪಡೆಯಬೇಡಿ, ವಾಟ್ಸ್ಯಾಪ್‌ನಲ್ಲಂತೂ ಬೇಡವೇ ಬೇಡ. ಜನಜಂಗುಳಿಯಲ್ಲಿ ಮೊಬೈಲ್ ನೆಟ್‌ವರ್ಕ್ ನಂಬುವಂತಿಲ್ಲ; ವಿಡಿಯೊ, ಯಂತ್ರಗಳ ಪಟ್ಟಿ ಲ್ಯಾಪ್‌ಟಾಪ್‌ನಲ್ಲೇ ಇರಲಿ.

ಪ್ರದರ್ಶನ ಮುಗಿದ ವಾರದೊಳಗೆ ಯಂತ್ರಗಳ ಪಟ್ಟಿ ಮತ್ತು ಎಫ್‌ಎಐ ಮಾದರಿಯನ್ನು ಮೇಲ್ ಮಾಡಿ. ಪೂರೈಕೆದಾರರ ಮೌಲ್ಯಮಾಪನದ ಫಾರ್ಮ್ ಬಂದರೆ ಇಲ್ಲದ ಸೌಲಭ್ಯದ ಮುಂದೆ ‘ಇಲ್ಲ’ ಎಂದೇ ಬರೆಯಿರಿ. ಆಡಿಟರ್ ಬಂದಾಗ ಅದೇ ಫಾರ್ಮ್ ಹಿಡಿದು ಶಾಪ್ ಸುತ್ತುತ್ತಾರೆ.